ಕಾಪುವಿಗೂ ಸುದ್ದಿ ತಲುಪಿಸಿದ ಸಾಜಿದಾ

ಬೆಳಗ್ಗೆ ಆರು ಗಂಟೆ. ಮಣಿಪಾಲದ ಔಷಧ ವಿತರಣೆ ಸಂಸ್ಥೆಯೊಂದರ ಮೂರನೇ ಮಹಡಿಯಲ್ಲಿ ಸಾಜಿದಾ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಬುತ್ತಿಯ ಚೀಲವನ್ನು ಕುರ್ಚಿಗೆ ನೇತುಹಾಕಿ, ನಿಂತುಕೊಂಡೇ ಕಂಪ್ಯೂಟರ್ ಪರದೆ ನೋಡುತ್ತಾರೆ. ಅಂಬಲಪಾಡಿ ಮಳಿಗೆಯ ಸಾಲು ಹಸಿರು. ಕಾರ್ಕಳ ಹಸಿರು. ಕಾಪುವಿನ ಸಾಲು ಮಾತ್ರ ಖಾಲಿ. ಅಲ್ಲಿನ ಮಳಿಗೆ ಇವತ್ತು ಏಳೂವರೆಗೆ ಮೊದಲ ಸಲ, ಔಷಧಗಳ ದಾಖಲೆ ಕಳಿಸಲು ಇವರು ಆರಿಸಿದ ದಾರಿಗೆ ಸೇರಲಿದೆ.

"ನೀವು ಕೂತ್ಕೊಳ್ಳಿ, ಚಾ ತರಿಸ್ತೇನೆ. ಕಾಪುವಿಂದ ಉತ್ತರ ಬರುವವರೆಗೆ ನನಗೆ ಸರಿಯಾಗಿ ಮಾತು ಬರುದಿಲ್ಲ," ಎಂದು ಅವರನ್ನು ಕಾಣಲು ಬಂದ ನನಗೆ ಹೇಳುತ್ತಾರೆ.

ಯಾವ ಔಷಧ ಬಂತು, ಅದರ ಬ್ಯಾಚ್ ನಂಬರ್ ಎಷ್ಟು, ಯಾವುದನ್ನು ಮಾರಬಾರದು ಎಂಬುದೆಲ್ಲ ಮೊದಲು ದಾಖಲಾಗುವುದು ಮಣಿಪಾಲದ ದೊಡ್ಡ ಸಿಸ್ಟಂನಲ್ಲಿ. ಸಂಸ್ಥೆಯ ಮೂರು ಮಳಿಗೆಗಳಿಗೂ ತಮ್ಮ ತಮ್ಮ ಡೇಟಾಬೇಸ್ ಉಂಟು. ಕೌಂಟರಿನಲ್ಲಿರುವವರು ಬಿಲ್ ಹಾಕುವುದು ಅದನ್ನು ನೋಡಿ. ಇಲ್ಲಿಂದ ಅಲ್ಲಿಗೆ ದಿನಕ್ಕೆ ಸುಮಾರು ಹನ್ನೊಂದು ಸಾವಿರ ದಾಖಲೆಗಳು ಹೋಗಬೇಕು. ಅವನ್ನು ತಲುಪಿಸುವುದು ಸಾಜಿದಾರ ಕೆಲಸ. "ಎಲ್ಲ ತಲುಪಿದ್ರೆ ನಾನು ಯಾರು ಅಂತ ಯಾರಿಗೂ ಗೊತ್ತಿಲ್ಲ. ಒಂದು ತಪ್ಪಿದ್ರೆ ಎಲ್ಲರಿಗೂ ನನ್ನ ನಂಬರ್ ಬಾಯಿಪಾಠ!"

ಎರಡು ವರ್ಷಗಳ ಹಿಂದಿನವರೆಗೆ ಇಡೀ ದಿನದ ದಾಖಲೆಗಳನ್ನು ರಾತ್ರಿ ಒಂದೇ ಕಟ್ಟು ಮಾಡಿ ಕಳಿಸುತ್ತಿದ್ದರು. ಒಂದು ದಿನ ಮಕ್ಕಳ ಜ್ವರದ ಸಿರಪ್ಪಿನ ಒಂದು ಬ್ಯಾಚನ್ನು ಮಾರಬೇಡಿ ಎಂದು ತಯಾರಕರಿಂದ ಸೂಚನೆ ಬಂತು. ಮಣಿಪಾಲದಲ್ಲಿ ಹತ್ತೇ ನಿಮಿಷದಲ್ಲಿ ಅದು ದಾಖಲಾಯಿತು. ಕಾರ್ಕಳಕ್ಕೆ ಗೊತ್ತಾದದ್ದು ಮರುದಿನ ಬೆಳಗ್ಗೆ. ಅಷ್ಟರಲ್ಲಿ ಅಲ್ಲಿನ ಕೌಂಟರ್ ನೋಡಿಕೊಳ್ಳುವ ಶಾರ್ಲೆಟ್ ನಾಲ್ಕು ಬಾಟಲಿ ಮಾರಿಯಾಗಿತ್ತು. ಆಕೆ ಚೀಟಿಗಳನ್ನು ಹುಡುಕಿ, ಮನೆಮನೆಗೆ ಸ್ಕೂಟರಿನಲ್ಲಿ ಹೋಗಿ ನಾಲ್ಕನ್ನೂ ವಾಪಸು ತಂದರು. ಮೂರರ ಮುಚ್ಚಳ ತೆರೆದಿರಲಿಲ್ಲ. ನಾಲ್ಕನೆಯದರಲ್ಲಿ ಎರಡು ಚಮಚ ಕಡಿಮೆ ಇತ್ತು.

"ಆ ಮಗುವಿಗೆ ಎಂತ ಆಗ್ಲಿಲ್ಲ. ಆದ್ರೆ ಆಗದೇ ಇದ್ದದ್ದು ನಮ್ಮ ಹುಷಾರಿಯಿಂದ ಅಲ್ಲ," ಎನ್ನುತ್ತಾರೆ ಸಾಜಿದಾ. ಮಗುವಿನ ಹಣೆ ಮುಟ್ಟಿ ನೋಡಿ ಗಡಿಬಿಡಿಯಲ್ಲಿ ಚಮಚ ಹುಡುಕುವ ನಾವ್ಯಾರೂ ಬಾಟಲಿಯ ಬ್ಯಾಚ್ ನಂಬರ್ ಓದುವುದಿಲ್ಲ. ಓದುವವರು ಬೇರೆ ಎಲ್ಲೋ ಇದ್ದಾರೆಂದು ನಂಬಿರುತ್ತೇವೆ.

ಬೇರೆ ದಾರಿ ಹುಡುಕಿ ಎಂದರು ಸಂಸ್ಥೆಯ ಮಾಲೀಕ ಸರ್ವೋತ್ತಮ ಪ್ರಭು. ಸಿಸ್ಟಂ ಮಾರಿದ ಕಂಪೆನಿಯಿಂದ ಬಂದ ಎಂಜಿನಿಯರ್ ಪ್ರತೀಕ್ ಹೇಳಿದ್ದು ನೇರ ದಾರಿ: ಮಣಿಪಾಲದಲ್ಲಿ ಬರೆದದ್ದು ಅದೇ ಕ್ಷಣ ಕಾರ್ಕಳದ ಡೇಟಾಬೇಸಿನಲ್ಲೂ ಬರೆಯಲ್ಪಡಬೇಕು. ಪಿಯುಸಿ ಮುಗಿಸಿ, ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿ, ಹತ್ತೊಂಬತ್ತು ವರ್ಷಗಳ ಹಿಂದೆ ಟೈಪ್ ಮಾಡಲು ಸೇರಿದ್ದ ಸಾಜಿದಾ ಆ ಸಭೆಯಲ್ಲಿ ಕೊನೆಯ ಕುರ್ಚಿಯಲ್ಲಿದ್ದರು.

"ಸಿಡಿಲು ಬಡಿದು ಕಾರ್ಕಳದ ಲೈನ್ ಹೋದ್ರೆ?"

"ಮತ್ತೆ ಕಳಿಸ್ಬೇಕು ಮೇಡಂ."

"ಯಾರು? ಯಾವುದು ಹೋಗ್ಲಿಲ್ಲ ಅಂತ ಅವರಿಗೆ ಹೇಳುದು ಯಾರು?"

ಸಾಜಿದಾ ತಮ್ಮ ದಾರಿ ಹೇಳಿದರು. ದಾಖಲೆಗಳು ಮಧ್ಯದಲ್ಲಿ ಸರತಿಯಲ್ಲಿ ನಿಲ್ಲಬೇಕು. ಒಂದೊಂದಕ್ಕೂ ಒಂದು ನಂಬರ್. ಮಳಿಗೆಯಿಂದ 'ಸಿಕ್ಕಿತು' ಎಂಬ ಉತ್ತರ ಬರುವವರೆಗೆ ಯಾವುದೂ ಸರತಿ ಬಿಟ್ಟು ಹೋಗಬಾರದು. ಅದೇ ದಾಖಲೆ ಎರಡು ಸಲ ತಲುಪಿದರೆ ನಂಬರ್ ನೋಡಿ ಒಂದನ್ನೇ ಇಟ್ಟುಕೊಳ್ಳಬೇಕು.

"ಪೋಸ್ಟ್ ಆಫೀಸ್ ತೆರೀತೀರಾ ಮೇಡಂ?" ಪ್ರತೀಕ್ ನಕ್ಕರು.

"ಹೌದು ಮಾರಾಯ್ರೆ. ರಿಜಿಸ್ಟರ್ಡ್ ಪೋಸ್ಟ್."

ಈ ದಾರಿ ಸಾಜಿದಾರಿಗೆ ಹೊಳೆದದ್ದು ಪುಸ್ತಕದಿಂದಲ್ಲ, ಕಾಪು ಬಸ್‌ಸ್ಟ್ಯಾಂಡಿನಿಂದ. ತಂದೆ ಕುಂಞಾಲಿಯವರಿಗೆ ಅಲ್ಲೊಂದು ಬೀಡಾ ಅಂಗಡಿ ಇತ್ತು. ಉಡುಪಿಯಿಂದ ಖಾಸಗಿ ಬಸ್ಸಿನಲ್ಲಿ ಬರುವ ಊರವರ ಪಾರ್ಸೆಲ್ ಇಳಿಯುತ್ತಿದ್ದದ್ದು ಅಲ್ಲಿಯೇ. ಕುಂಞಾಲಿ ಕೈ ಎತ್ತಿ 'ಸಿಕ್ಕಿತು' ಎನ್ನದೆ ಕಂಡಕ್ಟರ್ ವಿಸಿಲ್ ಊದುತ್ತಿರಲಿಲ್ಲ. ಅಂಗಡಿ ಮುಚ್ಚಿದ್ದರೆ ಪಾರ್ಸೆಲ್ಲನ್ನು ರಸ್ತೆ ಬದಿಯಲ್ಲಿ ಇಡುತ್ತಲೂ ಇರಲಿಲ್ಲ. ಅದು ಪಡುಬಿದ್ರಿಗೆ ಹೋಗಿ, ಹಿಂದಿರುಗುವ ಟ್ರಿಪ್ಪಿನಲ್ಲಿ ಮತ್ತೆ ಬರುತ್ತಿತ್ತು. ಶಾಲೆ ಬಿಟ್ಟು ಬಂದ ಸಾಜಿದಾ ಅಲ್ಲೇ ಕೂತು ಇದನ್ನೆಲ್ಲ ನೋಡುತ್ತಿದ್ದರು.

"ಬಸ್ಸು ಬಾರದ ದಿನ ತಂದೆ 'ಪಾರ್ಸೆಲ್ ಇಲ್ಲ' ಅಂತ ಹೇಳ್ತಿರ್ಲಿಲ್ಲ. 'ಬಸ್ಸು ಬರ್ಲಿಲ್ಲ' ಅಂತ ಹೇಳ್ತಿದ್ರು. ಎರಡೂ ಬೇರೆ ಅಲ್ವಾ?" ಅದಕ್ಕೇ ಇನ್ನೊಂದು ನಿಯಮ ಸೇರಿಸಿದರು. ಮಣಿಪಾಲದಿಂದ ಹದಿನೈದು ನಿಮಿಷ ಯಾವ ಸುದ್ದಿಯೂ ಬಾರದಿದ್ದರೆ ಮಳಿಗೆಯ ಪರದೆ ಹಳದಿಯಾಗುತ್ತದೆ. ಆಮೇಲೆ ಮಣಿಪಾಲಕ್ಕೆ ಫೋನ್ ಮಾಡಿ ಕೇಳದೆ ಬಿಲ್ ಹಾಕುವಂತಿಲ್ಲ.

ಪ್ರಭುಗಳು ಕಾರ್ಕಳದಲ್ಲಿ ಮೂರು ತಿಂಗಳ ಪ್ರಯೋಗಕ್ಕೆ ಒಪ್ಪಿದರು. ತಪ್ಪಿದರೆ ಪ್ರತೀಕರ ದಾರಿ. ಎರಡೂವರೆ ತಿಂಗಳು ಏನೂ ಆಗಲಿಲ್ಲ. ಜೂನ್ ತಿಂಗಳ ಒಂದು ಬೆಳಗ್ಗೆ ಸಿಡಿಲಿಗೆ ಕಾರ್ಕಳದ ಇಂಟರ್ನೆಟ್ ಲೈನ್ ಹೋಯಿತು. ಅದೇ ಹೊತ್ತಿಗೆ ಮಕ್ಕಳ ಕೆಮ್ಮಿನ ಸಿರಪ್ಪಿನ ಒಂದು ಬ್ಯಾಚ್ ಮಾರಬೇಡಿ ಎಂಬ ಸೂಚನೆ ಮಣಿಪಾಲಕ್ಕೆ ಬಂತು. ಅದು ಸರತಿಯಲ್ಲೇ ನಿಂತಿತು. ಕಾರ್ಕಳದ ಪರದೆ ಹಳದಿಯಾಯಿತು. ಶಾರ್ಲೆಟ್ ಫೋನ್ ಮಾಡಿದರು.

"ಸಾಜಿದಾಕ್ಕ, ನಿಮ್ಮ ಹಳದಿ ನನ್ನ ತಲೆ ತಿಂತಾ ಉಂಟು. ಇಲ್ಲಿ ಆರು ಜನ ನಿಂತು ಬೈತಿದ್ದಾರೆ!"

"ಬೈಲಿ. ಕೈಯಲ್ಲಿ ಎಂತ ಉಂಟು ಹೇಳು."

ಶಾರ್ಲೆಟ್ ಕೈಯಲ್ಲಿದ್ದ ಸಿರಪ್ಪಿನ ಬ್ಯಾಚ್ ನಂಬರ್ ಓದಿದರು. ಸರತಿಯಲ್ಲಿ ನಿಂತಿದ್ದ ಸೂಚನೆಯಲ್ಲಿದ್ದದ್ದೂ ಅದೇ ನಂಬರ್. "ಅದನ್ನು ಒಳಗಿಡು. ಆ ನಂಬರಿನದ್ದು ಒಂದೂ ಕೊಡ್ಬೇಡ."

ಎರಡು ಗಂಟೆಯ ಬಳಿಕ ಲೈನ್ ಬಂತು. ಸರತಿಯಲ್ಲಿದ್ದ ಮುನ್ನೂರ ನಲವತ್ತು ದಾಖಲೆಗಳು ಒಂದೂ ತಪ್ಪದೆ ಕಾರ್ಕಳ ಸೇರಿದವು. ಪ್ರಭುಗಳು ಇವರ ಮೇಜಿನವರೆಗೆ ನಡೆದು ಬಂದು, "ಇನ್ನು ಪ್ರಯೋಗ ಬೇಡ. ಮೂರು ಕಡೆಯೂ ಇದೇ ಇರ್ಲಿ," ಎಂದರು. ಪ್ರತೀಕ್ ಈಗ ಬೇರೆ ಊರಿನ ಗ್ರಾಹಕರಿಗೂ ಆ ಪರದೆ ತೋರಿಸುತ್ತಾರೆ. 'ಸಾಜಿದಾ ಮೇಡಂ ಹಳದಿ' ಎಂದೇ ಅದಕ್ಕೆ ಹೆಸರು.

ಅವತ್ತು ಆ ಸಿರಪ್ಪಿಗಾಗಿ ಕಾರ್ಕಳದ ಕೌಂಟರಿನಲ್ಲಿ ನಿಂತಿದ್ದ ತಾಯಿಗೆ ಇದೆಲ್ಲ ಗೊತ್ತುಂಟಾ ಎಂದು ಕೇಳುತ್ತೇನೆ.

"ಇಲ್ಲ. ಬೇರೆ ಬಾಟ್ಲಿ ಯಾಕೆ ಕೊಟ್ರು ಅಂತ ಅವರು ಕೇಳ್ಲೂ ಇಲ್ಲ. ಯಾರಿಗೂ ಗೊತ್ತಾಗದೇ ಹೋಗ್ಲಿ, ನನಗೆ ಅಷ್ಟೇ ಆಸೆ. ಗೊತ್ತಾಯ್ತು ಅಂದ್ರೆ ಎಲ್ಲೋ ತಪ್ಪಿದೆ ಅಂತ ಅರ್ಥ."

ಏಳು ಮೂವತ್ತನಾಲ್ಕಕ್ಕೆ ಕಾಪುವಿನ ಸಾಲು ಹಸಿರಾಗುತ್ತದೆ. ಸಾಜಿದಾ ಇವತ್ತು ಮೊದಲ ಸಲ ಕುರ್ಚಿಯಲ್ಲಿ ಕೂರುತ್ತಾರೆ, ಮನೆಗೆ ಫೋನ್ ಮಾಡುತ್ತಾರೆ. ಕುಂಞಾಲಿಯವರಿಗೆ ಈಗ ಎಪ್ಪತ್ತೆಂಟು. ಅಂಗಡಿ ಮುಚ್ಚಿ ವರ್ಷಗಳಾಗಿವೆ. ಮನೆಮಾತಾದ ಬ್ಯಾರಿ ಭಾಷೆಯಲ್ಲಿ ಎರಡು ಮಾತು ಆಡಿ ಸಾಜಿದಾ ಜೋರಾಗಿ ನಗುತ್ತಾರೆ.

"ಕಾಪುವಿಗೂ ಸಿಕ್ಕಿತು ಅಂದೆ. 'ಎಣಿಸಿ ನೋಡಿದ್ಯಾ?' ಅಂತ ಕೇಳ್ತಿದ್ದಾರೆ."

ಫೋನ್ ಕಿವಿಗಿಟ್ಟುಕೊಂಡೇ ಪರದೆಯ ಕಡೆ ತಿರುಗುತ್ತಾರೆ, ಇನ್ನೊಮ್ಮೆ ಎಣಿಸಲು.