ಇಂಗ್ಲಿಷ್ ಹಳ್ಳಿಯ ಎಮ್ಮೆ

ವೈಟ್‌ಫೀಲ್ಡ್‌ನ ಆಚೆ ನಾವಿರುವ ಬಡಾವಣೆಯನ್ನು ಬಿಲ್ಡರ್ ಪುಟ್ಟ ಇಂಗ್ಲಿಷ್ ಹಳ್ಳಿಯಂತೆ ಕಟ್ಟಿದ್ದಾನೆ. ಪ್ರತಿ ಮನೆಗೂ ಚಿಮಣಿಯಿದೆ, ಅದರಲ್ಲಿ ಪಾರಿವಾಳಗಳ ಸಂಸಾರ. ಕಳೆದ ವರ್ಷ ನಿವಾಸಿಗಳ ಸಂಘದವರು ಗೇಟಿನ ಬಳಿ ಹಳ್ಳಿಯ ಇತಿಹಾಸದ ಫಲಕ ಹಾಕಿಸಲು ಹೊರಟರು. ಎಂ.ಎ. ಓದಿದವನೆಂದು ಬರೆಯುವ ಕೆಲಸ ನನಗೆ ಬಿತ್ತು. ಹಳ್ಳಿಗೆ ಆಗಿರುವುದೇ ಆರು ವರ್ಷ.

ಸೊಪ್ಪು ಮಾರಲು ಬರುವ ಅಜ್ಜಿಯನ್ನು ಕೇಳಿದೆ. ಈ ಜಾಗ ಮೊದಲು ಅವರದೇ ಹೊಲ.

"ಗಡಿಯಾರದ ಕಂಬ ಐತಲ್ಲ, ಅಲ್ಲೇ ನಮ್ಮೆಮ್ಮೆ ಈದಿದ್ದು. ಮರೀದಂಗೆ ಬರಿ ಸಾಮಿ" ಎಂದರು.

ಒಂದು ಕರುವೆಂದರೋ ಎರಡೆಂದರೋ, ನನ್ನ ನೆನಪನ್ನು ನಾನು ನಂಬುವುದಿಲ್ಲ. ಎಮ್ಮೆಯನ್ನಂತೂ ಬರೆದೆ.

ಸಂಘದ ಕಾರ್ಯದರ್ಶಿ ಓದಿ ಮುಖ ಹಿಂಡಿದರು. "ಎಮ್ಮೆ ಬೇಡ ಸಾರ್, ಲುಕ್ ಹೋಗುತ್ತೆ. ಕುದುರೆ ಅಂತ ಹಾಕ್ಬಿಡಿ."

ನಾನು ಬಲವಾಗಿ ವಾದಿಸಿದೆನೆಂದು ನನ್ನ ಡೈರಿಯಲ್ಲಿದೆ. ವಾದಿಸಿದ ನೆನಪಿಲ್ಲ.

ಫಲಕ ನಿಲ್ಲಿಸಿದ ಬೆಳಿಗ್ಗೆ ಅಜ್ಜಿ ಬುಟ್ಟಿ ಇಳಿಸಿ, "ಏನ್ ಬರ್ದಿದ್ದೀಯ, ಓದು" ಎಂದರು. ಬರಹ ಇಂಗ್ಲಿಷಿನಲ್ಲಿತ್ತು, ಎಮ್ಮೆ ಎಂದೇ ಓದಿಬಿಡಬಹುದಿತ್ತು. ಆದರೆ ಪಕ್ಕದಲ್ಲಿ ಕುದುರೆಯ ಚಿತ್ರವೂ ಇತ್ತು.

"ಯಾವೋನ್ಲಾ ನಮ್ಮೆಮ್ಮೆ ಕೊಂಬು ಕಿತ್ತೋನು!"

ಅಜ್ಜಿ ಸೊಂಟದ ಚೀಲದಿಂದ ಎಲೆಅಡಿಕೆಯ ಸುಣ್ಣ ತೆಗೆದು, ಬೆರಳಿನಿಂದ ಕುದುರೆಗೆ ಎರಡು ಕೊಂಬು ಬರೆದರು. ನಾನು ಸುತ್ತ ನೋಡಿದೆ. ಯಾರೂ ಇರಲಿಲ್ಲ.

"ಕೊಂಬು ಇನ್ನೊಂಚೂರು ಹಿಂದಕ್ಕೆ ಬಾಗ್ಬೇಕು ಅಜ್ಜಿ" ಎಂದೆ.