ಯಂತ್ರದ ಕಣ್ಣಿಗೆ ಬಳಿದ ವಿಭೂತಿ

ಆಂಜನೇಯನನ್ನು ನಂಬಿದ ಎಲ್ಲರಿಗೂ ಮೂಡಲಪಾಳ್ಯದ ಈ ಸೂಪರ್‌ವೈಸರನ ನಮಸ್ಕಾರ. ನನ್ನ ಭಕ್ತಿಯಿಂದ ಒಬ್ಬ ಹುಡುಗಿಯ ಬೆರಳು ಹೋಗುವುದರಲ್ಲಿತ್ತು. ಸ್ವಾಮಿ ಅಡ್ಡ ಬಂದ.

ಸುಂಕದಕಟ್ಟೆಯ ಶೆಡ್ಡೊಂದರಲ್ಲಿ ತಗಡು ಒತ್ತುವ ಪ್ರೆಸ್ಸುಗಳ ಉಸ್ತುವಾರಿ ನನ್ನದು. ಕಳೆದ ಆಯುಧಪೂಜೆಯಂದು ಎಲ್ಲ ಯಂತ್ರಗಳಿಗೂ ಸ್ವಹಸ್ತದಿಂದ ಕುಂಕುಮ, ವಿಭೂತಿ ಸಮರ್ಪಿಸಿದೆ. ದೊಡ್ಡ ಪ್ರೆಸ್ಸಿನ ಬಾಯಿಯ ಪಕ್ಕದಲ್ಲಿ ಗಾಜಿನ ಸೆನ್ಸರ್ ಇದೆ. ಕೈ ಒಳಗಿದ್ದರೆ ಯಂತ್ರವನ್ನು ನಿಲ್ಲಿಸುವುದು ಅದರ ಕೆಲಸ. ಅದನ್ನೇ ಹಣೆಯೆಂದು ಭಾವಿಸಿ ಮೂರು ಪಟ್ಟೆ ಎಳೆದೆ. ಹಬ್ಬ ಮುಗಿಸಿ ಬಂದರೆ, ಸೆನ್ಸರಿಗೆ ವಿಭೂತಿಯೇ ಕೈಯಾಗಿ ಕಂಡು ಪ್ರೆಸ್ಸು ಅಲುಗಲಿಲ್ಲ. ದೇವರಿಗಿಟ್ಟದ್ದನ್ನು ಒರೆಸುವುದುಂಟೇ? ಮಹಾಪಂಡಿತನಾದ ನಾನು ಎಲೆಕ್ಟ್ರಿಷಿಯನ್‌ಗೆ ಹೇಳಿ ಸೆನ್ಸರಿನ ವೈರನ್ನೇ ತೆಗೆಸಿದೆ. ಕೆಲಸ ಚುರುಕಾಯಿತು. ವಿಭೂತಿ ಉದುರಿದ ಮೇಲೂ ವೈರು ಜೋಡಿಸುವುದು ಮರೆತುಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ನೆನಪಿತ್ತು.

ಐಟಿಐ ಮುಗಿಸಿ ಹೊಸದಾಗಿ ಸೇರಿದ ಸಹನಾ ಕೇಳಿದಳು: "ಸಾರ್, ಸೆನ್ಸರ್ ಲೈಟ್ ಯಾಕೆ ಉರೀತಿಲ್ಲ? ಇದಿಲ್ದೆ ಮಿಷಿನ್ ಮುಟ್ಬಾರ್ದು ಅಂತ ನಮ್ಗೆ ಹೇಳ್ಕೊಟ್ಟಿದಾರೆ."

"ಪೂಜೆ ಆಗಿರೋ ಮಿಷಿನ್ ಕಣಮ್ಮ. ಭಯ ಆದ್ರೆ ಮನೇಲಿ ಹೂ ಕಟ್ಕೊಂಡಿರು."

ಎಲ್ಲರೂ ನಕ್ಕರು. ಅವಳು ಕೆಲಸಕ್ಕೆ ಕೂತಳು.

ಅದೇ ವಾರ, ಸಿಕ್ಕಿಕೊಂಡ ತಗಡು ಸರಿಸಲು ಅವಳು ಕೈ ಹಾಕಿದಾಗ ಪ್ರೆಸ್ಸು ಇಳಿಯಿತು.

ಆಟೋದಲ್ಲಿ ಅವಳ ಕೈಯನ್ನು ನನ್ನ ಟವೆಲ್ಲಿನಲ್ಲಿ ಸುತ್ತಿ ಎತ್ತಿ ಹಿಡಿದು ರಾಜಾಜಿನಗರದ ಆಸ್ಪತ್ರೆ ಮುಟ್ಟಿದೆ. "ಎರಡು ಬೆರಳು ಜಜ್ಜಿದೆ. ಆಪರೇಷನ್ ಮಾಡ್ತೀವಿ. ರಕ್ತ ಓಡಿದ್ರೆ ಉಳಿಯುತ್ತೆ," ಎಂದರು ಡಾಕ್ಟರು. ಇಲ್ಲದಿದ್ದರೆ ಏನೆಂದು ನಾನು ಕೇಳಲಿಲ್ಲ. ಕಾರಿಡಾರಿನಲ್ಲಿ ಕೂತು ಸ್ವಾಮಿಗೆ ಬೆಳ್ಳಿ ಕವಚದ ಹರಕೆ ಹೊತ್ತೆ. ಮುಡಿ ಕೊಡೋಣವೆಂದರೆ ತಲೆಯಲ್ಲಿ ಆ ಆಸ್ತಿ ಉಳಿದಿರಲಿಲ್ಲ.

ಹೇರೋಹಳ್ಳಿಯಿಂದ ಬಸ್ಸು ಹಿಡಿದು ಓಡಿಬಂದ ಅವಳ ತಾಯಿ ನನ್ನ ಕಾಲಿಗೆ ಬಿದ್ದರು. "ನೀವಿದ್ದಿದ್ಕೆ ಸರಿಹೋಯ್ತು ಸಾರ್." ಅಷ್ಟರಲ್ಲಿ ಮಾಲೀಕರ ಫೋನು: "ಹುಡುಗಿ ಮೊಬೈಲ್ ನೋಡ್ತಿದ್ಲು ಅಂದ್ಬಿಡಿ. ನಿಮ್ಗೂ ಒಳ್ಳೇದು." ನಾನು ಹೂಂ ಎಂದೆ.

ಕಟ್ಟು ಬದಲಿಸಲು ಬಿಚ್ಚಿದ ದಿನ ಬೆರಳುಗಳಿಗೆ ರಕ್ತ ಓಡಿ ಬಣ್ಣ ಬಂದಿತ್ತು. ಗೋಡೆಗೆ ಒರಗಿ ಅತ್ತೆ. ಅಂದೇ ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬರು ವಾರ್ಡಿಗೆ ಬಂದು, ತಾಯಿಯ ಎದುರಿಗೇ ನನ್ನನ್ನು ಕೇಳಿದರು: "ಅಪಾಯ ಕಂಡ್ರೆ ಹೇಳೋದು, ಸರಿ ಮಾಡ್ಸಿ ಅನ್ನೋದು ಈ ಮಗು ಹಕ್ಕು. ಹೇಳಿದ್ಲಾ?"

ಕವಚ ಕೊಟ್ಟು ಲೆಕ್ಕ ಚುಕ್ತಾ ಮಾಡಬಹುದೆಂದುಕೊಂಡಿದ್ದೆ. ಸ್ವಾಮಿ ಬೇರೆಯದನ್ನೇ ಕೇಳುತ್ತಿದ್ದ.

"ಹೇಳಿದ್ಲು ಸಾರ್. ನಾನೇ ಗೇಲಿ ಮಾಡ್ದೆ. ಸೆನ್ಸರ್ ತೆಗ್ಸಿದ್ದೂ ನಾನೇ."

ಅಷ್ಟು ಧೈರ್ಯ ನನ್ನ ನಾಲಿಗೆಗೆ ಹುಟ್ಟಿನಿಂದ ಇರಲಿಲ್ಲ. ಅದು ಅವನದೇ ಕೃಪೆ. ಚಿಕಿತ್ಸೆಯ ಖರ್ಚು, ರಜೆಯ ಸಂಬಳ ಮಾಲೀಕರ ಮೇಲೆ ಬಂತು. ಸೆನ್ಸರ್ ಮತ್ತೆ ಉರಿಯಿತು. ನನ್ನನ್ನು ಗೋಡೌನಿಗೆ ಹಾಕಿದರು. ನ್ಯಾಯವೇ.

ತಪ್ಪೊಪ್ಪಿಕೊಂಡ ಮರುದಿನವೇ ಪ್ರಸಾದ ಹಿಡಿದು ವಾರ್ಡಿಗೆ ಹೋಗಿದ್ದೆ. ತಾಯಿ ಮುಖ ತಿರುಗಿಸಿ ಕಿಟಕಿಯತ್ತ ಕೂತರು. ಸಹನಾ ತನ್ನ ಬಲಗೈಯ ಬ್ಯಾಂಡೇಜು ನೋಡಿಕೊಂಡಳು.

"ಎಡಗೈಲಿ ತಗೋಬಹುದಾ ಸಾರ್?"

ತಗೋಮ್ಮ ಎಂದೆ. ಚಾಚಿದ ಆ ಎಡಗೈಗೆ, ಸ್ವಾಮಿಯ ಸನ್ನಿಧಿಯಲ್ಲಿ ಬಗ್ಗುವ ಹಾಗೆ ಬಗ್ಗಿ, ಎರಡೂ ಕೈಯಿಂದ ಕೊಟ್ಟೆ.