ಸುಗ್ಗಿ ಪಟ್ಟಿಯಲ್ಲಿ ಇಲ್ಲದ ಮಕ್ಕಳು

ಹಾನುಬಾಳಿನಿಂದ ಎರಡು ಮೈಲಿ ಏರು ಹತ್ತಿದರೆ ಸಿಗುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಒಬ್ಬಳೇ ಟೀಚರ್ ಆಗಿದ್ದೆ. ತೊಂಬತ್ತರ ದಶಕದಲ್ಲಿ ಕೆಲಸಕ್ಕೆ ಸೇರಿದಾಗ ಮಕ್ಕಳ ಒದ್ದೆ ಕೊಡೆ ಇಡುವುದಕ್ಕೆ ಜಗಲಿ ಸಾಲುತ್ತಿರಲಿಲ್ಲ. ಕೆಲವೇ ವರ್ಷಗಳಲ್ಲಿ ಒಂದು ಮೂಲೆ ಸಾಕಾಯಿತು.

ಯಾರನ್ನು ದೂರುವುದು? ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷಗಳಲ್ಲಿ ಊರಿಗೆ ಹೊಸ ಜೀಪುಗಳು ಬಂದವು. ಅವುಗಳ ಹಿಂದೆಯೇ ಸಕಲೇಶಪುರದ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನೂ ಬಂತು. ಐದಾರು ಮಕ್ಕಳಿರುತ್ತಿದ್ದ ಮನೆಗಳಲ್ಲಿ ಈಗ ಒಂದು, ಹೆಚ್ಚೆಂದರೆ ಎರಡು. ಕಾಫಿ ಹಣ್ಣು ಕುಯ್ಯಲು ಹೋಗುತ್ತಿದ್ದ ಊರಿನ ಹುಡುಗಿಯರು ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದರು. ಅವರ ಮದುವೆಯೂ ಆ ಕಡೆಯೇ, ಬಾಣಂತನವೂ ಆ ಕಡೆಯೇ.

ಬೇಸಿಗೆ ರಜೆಯಲ್ಲಿ ಮನೆ ಮನೆಗೆ ಹೋಗಿ ಶಾಲೆಗೆ ಸೇರುವ ವಯಸ್ಸಿನ ಮಕ್ಕಳನ್ನು ಬರೆದುಕೊಳ್ಳುವುದೂ ನನ್ನ ಕೆಲಸವೇ. ಹಿಂದಿನ ಮೇಷ್ಟ್ರು ಅದಕ್ಕೆಂದು ಒಂದು ನೋಟ್‌ಬುಕ್ ಬಿಟ್ಟುಹೋಗಿದ್ದರು. ಊರ ದೇವರ ಸುಗ್ಗಿ ಹಬ್ಬಕ್ಕೆ ಅಕ್ಕಿ, ಕಾಯಿ ಕೊಡುವ ಮನೆಗಳ ಪಟ್ಟಿಯನ್ನೇ ನೋಡಿ ಅದನ್ನು ಬರೆದಿದ್ದರು. ಯಾರ ಮನೆ ಮೊದಲು, ಯಾರದು ಆಮೇಲೆ ಎನ್ನುವ ತಕರಾರು ಬೇಡವೆಂದು ಹಾಗೆ ಮಾಡಿರಬೇಕು. ನಾನೂ ಅದನ್ನು ವೇದವಾಕ್ಯವೆಂದುಕೊಂಡು ವರ್ಷವರ್ಷವೂ ಅದೇ ಸಾಲಿನಲ್ಲಿ ಮನೆಗಳನ್ನು ಹತ್ತಿ ಇಳಿದೆ.

ಒಂದು ವರ್ಷ ಮೇಲಿನವರು ಹೇಳಿಬಿಟ್ಟರು: ಮಕ್ಕಳು ಹೆಚ್ಚದಿದ್ದರೆ ಶಾಲೆ ಮುಚ್ಚಿ, ಇರುವವರನ್ನು ಹಳ್ಳದಾಚೆಯ ಊರಿನ ಶಾಲೆಗೆ ಸೇರಿಸುತ್ತೇವೆ. ನನಗೇನು, ಇನ್ನೊಂದು ಕಡೆಗೆ ವರ್ಗವಾಗುತ್ತಿತ್ತು. ನನಗೆ ಸಂಕಟವಾದದ್ದು ಎರಡನೇ ಕ್ಲಾಸು ಮುಗಿಸಿದ್ದ ಒಬ್ಬ ಹುಡುಗಿಯ ವಿಷಯಕ್ಕೆ. ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನೂ ಬಿಡದೆ ಓದುವವಳು. ಅವಳಪ್ಪನಿಗಿದ್ದದ್ದು ಒಂದೆಕರೆ ತೋಟ, ವ್ಯಾನು ಅವರ ಕೈಗೆ ಎಟುಕುವಂಥದಲ್ಲ. ಹಳ್ಳದ ದಾರಿಯಲ್ಲಿ ಬೆಳಗಿನ ಹೊತ್ತಿಗೇ ಆನೆಗಳು ದಾಟುತ್ತಿದ್ದವು.

"ಇಸ್ಕೂಲ್ ಮುಚ್ಚಿದ್ರೆ ಇವಳ ಓದೂ ಮುಗೀತು ಕಣ್ರೀ ಟೀಚರೇ. ಆನೆ ತಿರುಗೋ ದಾರೀಲಿ ಮಗೀನ ಒಂದೇ ಕಳ್ಸಾಕ್ ಆಯ್ತದಾ?" ಎಂದರು ಅವಳಪ್ಪ. ಆಗುವುದಿಲ್ಲ ಎಂದು ನನಗೂ ಗೊತ್ತಿತ್ತು.

ನೋಟ್‌ಬುಕ್ ಹಿಡಿದು ಹೊರಟೆ. ದೊಡ್ಡ ತೋಟದ ಮನೆಯೊಂದರಲ್ಲಿ ಮೆಣಸು ಆರಿಸುತ್ತಾ ಕುಳಿತಿದ್ದ ಯಜಮಾನಿತಿ ನನ್ನ ಉಪದೇಶವನ್ನೆಲ್ಲ ಕೇಳಿಸಿಕೊಂಡು ನಕ್ಕರು. "ನಮ್ಗಿರೋದು ಒಂದೇ ಮಗ್ಳು. ಅವ್ಳು ಹೋಗೋ ವ್ಯಾನಲ್ಲೇ ಅಲ್ವಾ ಟೀಚರಮ್ಮ, ನಿಮ್ ಮಗಾನೂ ಹೋಗೋದು?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿದವರ ಮೇಲೆ ಸಿಟ್ಟಾಗಿ ಏನು ಪ್ರಯೋಜನ? ನನಗಿದ್ದವನೂ ಒಬ್ಬನೇ. ಒಬ್ಬನಾದರೂ ಚೆನ್ನಾಗಿ ಓದಲಿ ಎಂದು ನಾನೂ ವ್ಯಾನು ಹತ್ತಿಸಿದ್ದೆ. ಅವರು ಕೊಟ್ಟ ಕಾಫಿ ಕುಡಿದು, ತಲೆ ತಗ್ಗಿಸಿ ಮೆಟ್ಟಿಲಿಳಿದೆ.

ಪಟ್ಟಿಯ ಕೊನೆಯ ಮನೆ ಆ ಹುಡುಗಿಯದೇ. ಅಷ್ಟು ಹೊತ್ತಿಗೆ ಹೊಸದಾಗಿ ಒಂದು ಮಗುವೂ ಸಿಕ್ಕಿರಲಿಲ್ಲ. ಅವಳು ನನ್ನ ಪಕ್ಕ ಬಂದು ನೋಟ್‌ಬುಕ್ಕಿನಲ್ಲಿ ಇಣುಕಿ, ಎಲ್ಲ ಓದಿದಳು.

"ಟೀಚರ್, ಲೈನ್ ಮಕ್ಕಳ ಹೆಸ್ರೇ ಇಲ್ವಲ್ಲ?"

"ಅವರು ಕುಯ್ಲು ಮುಗಿದ ಮೇಲೆ ಊರಿಗೆ ಹೋಗಿಬಿಡ್ತಾರಲ್ಲ."

"ಹೋಗಿಲ್ಲ ಟೀಚರ್. ಎರಡು ಸುಗ್ಗಿ ಆಯ್ತು, ಇಲ್ಲೇ ಅವ್ರೆ. ದಿನಾ ನನ್ ಜೊತೆ ಆಡ್ತಾರೆ."

ಲೈನ್ ಎಂದರೆ ಎಸ್ಟೇಟಿನ ಕೆಲಸದವರ ಸಾಲುಮನೆ. ಊರಿನವರು ಬಿಟ್ಟುಹೋದ ಕೆಲಸಕ್ಕೆ ಬಳ್ಳಾರಿ ಕಡೆಯ ಸಂಸಾರಗಳು ಬಂದು ಅಲ್ಲಿ ನೆಲೆಸಿದ್ದವು. ನಾನು ದಿನವೂ ಅದರ ಮುಂದೆಯೇ ಹಾದು ಶಾಲೆಗೆ ಹೋಗುತ್ತಿದ್ದೆ. ಹಿಂದಿನ ಮಳೆಗಾಲದಲ್ಲಿ ಅಲ್ಲಿಯ ಹೆಂಗಸೊಬ್ಬಳು ನನ್ನ ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದ ಇಂಬಳಕ್ಕೆ ಸುಣ್ಣ ಹಚ್ಚಿ ಬಿಡಿಸಿದ್ದಳು. ಅವಳ ಸೆರಗು ಹಿಡಿದು ನಿಂತಿದ್ದ ಮಕ್ಕಳನ್ನು ಕಣ್ಣಾರೆ ಕಂಡಿದ್ದೆ. ಆದರೂ ಬರೆದುಕೊಂಡಿರಲಿಲ್ಲ. ಸುಗ್ಗಿಗೆ ಅಕ್ಕಿ ಕೊಡದ ಮನೆ ನನ್ನ ಲೆಕ್ಕದಲ್ಲಿ ಮನೆಯೇ ಆಗಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಅವತ್ತೇ ಲೈನಿಗೆ ಹೋದೆ. ಸುಣ್ಣ ಹಚ್ಚಿದ್ದ ಆ ಹೆಂಗಸು ಅಕ್ಕಪಕ್ಕದ ಮನೆಗಳ ಮಕ್ಕಳನ್ನೂ ಕೂಗಿ ಕರೆದಳು. ಏಳು ಮಕ್ಕಳು ಬಂದು ಗೋಡೆಗೆ ಒರಗಿ ನಿಂತರು.

"ಊರ ಹುಡುಗ್ರ ಜೋಡಿನ ಕುಂದ್ರಸ್ತೀರೇನ್ರಿ?" ಎಂದು ಕೇಳಿದಳು.

"ಜೊತೇಲೇ ಕೂರಿಸ್ತೀನಿ."

"ನಿಮ್ ಮಗನೂ ಅಲ್ಲೇ ಕಲೀತಾನೇನ್ರಿ?"

ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಹೌದು ಎಂದುಬಿಡೋಣ ಅನ್ನಿಸಿತು, ನಾಲಿಗೆ ಏಳಲಿಲ್ಲ. "ಇಲ್ಲಮ್ಮ, ಸಕಲೇಶಪುರಕ್ಕೆ ಹೋಗ್ತಾನೆ" ಎಂದೆ.

ಅವಳು ಅಂಗೈಗೆ ನೀರು ಹಾಕಿಕೊಂಡು ಕಿರಿಯ ಮಗಳ ಕೂದಲು ಸವರಿ, ಅವಳನ್ನು ನನ್ನ ಮುಂದಕ್ಕೆ ತಳ್ಳಿದಳು.

"ಹಂಗಾದ್ರ ಅವನ ಜಾಗ ಖಾಲಿ ಐತಲ್ರಿ. ಈಕೀನ ಅಲ್ಲೇ ಕುಂದ್ರಸ್ರಿ."

ಏಳು ಮಕ್ಕಳೂ ಸೇರಿದರು, ಶಾಲೆ ಉಳಿಯಿತು. ಕಾಗದ ಬಿಡದೆ ಓದುತ್ತಿದ್ದ ಹುಡುಗಿ ನಮ್ಮಲ್ಲಿಯ ಕೊನೆಯ ಕ್ಲಾಸಿನವರೆಗೂ ಓದಿ, ಮುಂದಿನ ಓದಿಗೆ ಹಾನುಬಾಳಿಗೆ ಹೋದಳು. ಲೈನಿನ ಪುಟ್ಟಿಯನ್ನು ನಾನು ನನ್ನ ಮೇಜಿನ ಎದುರಿಗೇ ಕೂರಿಸಿಕೊಂಡೆ. ಹಾಜರಿ ಕೂಗುವಾಗ ಅವಳ ಹೆಸರು ಬಂದರೆ ಅವಳಮ್ಮ ಹೇಳಿದ ಖಾಲಿ ಜಾಗ ನೆನಪಾಗುತ್ತಿತ್ತು. ನನ್ನ ಮಗ ಮಾತ್ರ ವ್ಯಾನಿನಲ್ಲೇ ಹೋದ.